ಒಬ್ಬ ದಾನಿಯ ರಕ್ತ, ಏಳು ರೋಗಿಗಳ ಮಿದುಳು: ಕ್ಯೋಟೊ ಪಾರ್ಕಿನ್ಸನ್ ಕಸಿಯ ಪ್ರಕರಣ ಅಧ್ಯಯನ

2018ರ ಅಕ್ಟೋಬರ್‌ನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಐವತ್ತು ದಾಟಿದ ಪಾರ್ಕಿನ್ಸನ್ ರೋಗಿಯೊಬ್ಬರ ಮಿದುಳಿನ ಎಡಭಾಗಕ್ಕೆ ಸುಮಾರು 24 ಲಕ್ಷ ಕೋಶಗಳನ್ನು ಹನ್ನೆರಡು ಕಡೆ ಚುಚ್ಚಿ ಸೇರಿಸಲಾಯಿತು. ಮೂರು ಗಂಟೆಯ ಶಸ್ತ್ರಚಿಕಿತ್ಸೆ. ಕೋಶಗಳು ಆ ರೋಗಿಯವಲ್ಲ. ಆರೋಗ್ಯವಂತ ದಾನಿಯೊಬ್ಬರ ರಕ್ತದ ಕೋಶಗಳನ್ನು ಭ್ರೂಣದ ಆರಂಭದ ಸ್ಥಿತಿಗೆ ಮರಳಿಸಿ, ಅಲ್ಲಿಂದ ಡೋಪಮೈನ್ (ಚಲನೆಯನ್ನು ಹದದಲ್ಲಿಡುವ ಮಿದುಳಿನ ರಾಸಾಯನಿಕ) ನರಕೋಶಗಳ ದಾರಿಗೆ ಹಚ್ಚಿ ಬೆಳೆಸಿದಂಥವು. ಜುನ್ ತಕಹಾಶಿ ಅವರ ತಂಡ ಮುಂದೆ ಒಟ್ಟು ಏಳು ರೋಗಿಗಳಿಗೆ, 50ರಿಂದ 69 ವರ್ಷ ವಯಸ್ಸಿನವರಿಗೆ, ಮಿದುಳಿನ ಎರಡೂ ಬದಿಗೆ ಈ ಕಸಿ ಮಾಡಿ ಎರಡು ವರ್ಷ ಹಿಂಬಾಲಿಸಿತು. ಫಲಿತಾಂಶ 2025ರ ಏಪ್ರಿಲ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

ಹೀಗೆ ಹಿಂದಕ್ಕೆ ಮರಳಿಸಿ, ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲಂತೆ ಮಾಡಿದ ಕೋಶಕ್ಕೆ ಐಪಿಎಸ್ ಕೋಶ ಎನ್ನುತ್ತಾರೆ. ಅದನ್ನು ತಯಾರಿಸುವುದು ಇವತ್ತು ಎಷ್ಟೋ ಪ್ರಯೋಗಾಲಯಗಳಿಗೆ ಕೈಪಳಗಿದ ಕೆಲಸ. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯನ ಕೋಶದಲ್ಲಿ ನಾಲ್ಕು ಜೀನ್‌ಗಳನ್ನು (ಆಕ್ಟ್-4, ಸಾಕ್ಸ್-2, ಕೆಎಲ್‌ಎಫ್-4, ಸಿ-ಮಿಕ್) ಬಳಸಿ ಇದನ್ನು ಮಾಡಿ ತೋರಿಸಿದರು. 2012ರಲ್ಲಿ ಜಾನ್ ಗರ್ಡನ್ ಜತೆ ನೊಬೆಲ್ ಬಂತು. ಚಿಕಿತ್ಸೆಯ ಹಣೆಬರಹ ನಿರ್ಧಾರವಾಗುವುದು ಅದರಾಚೆ. ಸೂಜಿಯೊಳಗೆ ಯಾವ ಕೋಶ ಎಷ್ಟಿದೆ, ಯಾವುದು ಒಂದೂ ಇರಕೂಡದು ಎಂಬಲ್ಲಿ. ಈ ಪ್ರಕರಣದ ಪ್ರತಿ ಹಂತವನ್ನೂ ಆ ಪ್ರಶ್ನೆ ಹಿಡಿದೇ ಓದಬೇಕು.

ಪಾರ್ಕಿನ್ಸನ್ನೇ ಯಾಕೆ

ನರಕೋಶ ಸಾಯುವ ಕಾಯಿಲೆಗಳು ಹಲವಿವೆ. ಅಲ್‌ಝೈಮರ್‌ನಲ್ಲಿ ಮಿದುಳಿನ ಬಹುಭಾಗ ಕುಗ್ಗುತ್ತದೆ. ಸ್ನಾಯುಗಳನ್ನು ನಡೆಸುವ ನರಕೋಶ ಸಾಯುವ ಎಎಲ್‌ಎಸ್‌ನಲ್ಲಿ ಆ ನರಕೋಶದ ತಂತು ಬೆನ್ನುಹುರಿಯಿಂದ ಪಾದದವರೆಗೂ ಚಾಚಬೇಕು. ಅಲ್ಲೆಲ್ಲ ಹೊಸ ಕೋಶ ಇಟ್ಟು ಸರಿಮಾಡುವುದು ಸದ್ಯಕ್ಕೆ ದೂರದ ಮಾತು. ಪಾರ್ಕಿನ್ಸನ್‌ನಲ್ಲಿ ಚಲನೆಯ ತೊಂದರೆಗೆ ಮುಖ್ಯ ಕಾರಣ ಒಂದೇ ಬಗೆಯ ಕೋಶದ ನಷ್ಟ: ನಡುಮಿದುಳಿನ ಸಬ್‌ಸ್ಟಾನ್ಶಿಯಾ ನೈಗ್ರದಲ್ಲಿರುವ ಡೋಪಮೈನ್ ನರಕೋಶಗಳು. ನಡುಕ, ಬಿಗಿತ, ನಿಧಾನಗತಿ ಕಾಣಿಸಿಕೊಳ್ಳುವಷ್ಟರಲ್ಲಿ ಅವುಗಳಲ್ಲಿ ಸುಮಾರು ಅರ್ಧ ಹೋಗಿರುತ್ತವೆ. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಮೊದಲ ವರ್ಷಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಮುಂದಿನ ಡೋಸಿನ ಹೊತ್ತಿಗೆ ಮೊದಲೇ ಮೈ ಕಟ್ಟಿಹಾಕಿದಂತಾಗುವುದು, ಡೋಸ್ ಏರಿದಾಗ ಕೈಕಾಲು ತಾನಾಗಿ ಕುಣಿಯುವುದು (ಡಿಸ್ಕೈನೇಸಿಯಾ) ಶುರುವಾಗುತ್ತದೆ.

ಕಸಿಯನ್ನು ಸತ್ತ ಕೋಶಗಳ ಮೂಲಸ್ಥಾನಕ್ಕೆ ಹಾಕುವುದಿಲ್ಲ. ನೈಗ್ರದಿಂದ, ಚಲನೆಗೆ ಆ ಡೋಪಮೈನ್ ಬಳಸುವ ಮಿದುಳಿನ ಒಳಭಾಗವಾದ ಪುಟಾಮೆನ್‌ವರೆಗೆ ವಯಸ್ಕರ ಮಿದುಳಿನಲ್ಲಿ ತಂತು ಬೆಳೆದು ಮುಟ್ಟುವುದು ತೀರ ಕಷ್ಟ. ಆದ್ದರಿಂದ ಡೋಪಮೈನ್ ಎಲ್ಲಿ ಬೇಕೋ ಅಲ್ಲಿಗೇ, ಅಂದರೆ ಪುಟಾಮೆನ್‌ನ ಹಿಂಭಾಗಕ್ಕೇ, ಕೋಶ ಇಡುತ್ತಾರೆ. ಇದಕ್ಕೊಂದು ಮಿತಿಯಿದೆ. ಮಲಬದ್ಧತೆ, ವಾಸನೆ ಕಳೆದುಕೊಳ್ಳುವುದು, ನಿದ್ದೆಯ ತೊಂದರೆ, ನೆನಪಿನ ಕುಸಿತ ಇವು ಬೇರೆ ನರಜಾಲಗಳ ಸಮಸ್ಯೆ. ಪುಟಾಮೆನ್‌ಗೆ ಡೋಪಮೈನ್ ಕೊಟ್ಟ ಮಾತ್ರಕ್ಕೆ ಅವು ಸರಿಹೋಗುವುದಿಲ್ಲ. ಮನೆಯವರಿಗೆ ಇದನ್ನು ಮೊದಲೇ ಹೇಳದೆ ಹೋದರೆ ಮುಂದಿನ ನಿರಾಶೆಗೆ ಅಲ್ಲೇ ಬೀಜ ಬಿತ್ತಿದಂತೆ.

ಮೊದಲಿನ ಪ್ರಯೋಗಗಳು ಕಲಿಸಿದ್ದು

1980ರ ದಶಕದ ಕೊನೆಯಿಂದ ಸ್ವೀಡನ್ನಿನ ಲುಂಡ್‌ನಲ್ಲಿ, ಬಳಿಕ ಅಮೆರಿಕದಲ್ಲಿ, ಗರ್ಭಪಾತದ ಭ್ರೂಣಗಳ ನಡುಮಿದುಳಿನ ಅಂಗಾಂಶವನ್ನು ಪಾರ್ಕಿನ್ಸನ್ ರೋಗಿಗಳಿಗೆ ಕಸಿ ಮಾಡಿದ್ದರು. ಕೆಲವರು ವರ್ಷಗಟ್ಟಲೆ ಚೇತರಿಸಿಕೊಂಡರು. ಆದರೆ ಒಬ್ಬ ರೋಗಿಗೆ ಹಲವು ಭ್ರೂಣ ಬೇಕಿತ್ತು, ಒಂದು ಕಂತಿನ ಅಂಗಾಂಶ ಇನ್ನೊಂದರಂತೆ ಇರುತ್ತಿರಲಿಲ್ಲ. 2001 ಮತ್ತು 2003ರಲ್ಲಿ ಪ್ರಕಟವಾದ ಅಮೆರಿಕದ ಎರಡು ನಿಯಂತ್ರಿತ ಪರೀಕ್ಷೆಗಳು ಮುಖ್ಯ ಗುರಿ ಮುಟ್ಟಲಿಲ್ಲ. ಅದಕ್ಕಿಂತ ಗಂಭೀರವಾದದ್ದು ಮತ್ತೊಂದು: ಎರಡನೆಯ ಪರೀಕ್ಷೆಯಲ್ಲಿ ಕಸಿ ಪಡೆದ 23 ಮಂದಿಯಲ್ಲಿ 13 ಮಂದಿಗೆ ಮಾತ್ರೆ ತೆಗೆದುಕೊಳ್ಳದ ಹೊತ್ತಿನಲ್ಲೂ ಕೈಕಾಲು ಕುಣಿಯತೊಡಗಿತು.

ಕಾರಣ ಹುಡುಕಿದಾಗ ಕಂಡ ಶಂಕಿತರಲ್ಲಿ ಪ್ರಮುಖವಾದದ್ದು ಸೆರಟೋನಿನ್ ಎಂಬ ಬೇರೊಂದು ಮಿದುಳಿನ ರಾಸಾಯನಿಕ ಸುರಿಸುವ ನರಕೋಶ. ಭ್ರೂಣದಲ್ಲಿ ಡೋಪಮೈನ್ ಕೋಶಗಳ ಪಕ್ಕದಲ್ಲೇ ಇವು ಹುಟ್ಟುತ್ತವೆ. ಅಂಗಾಂಶ ಕತ್ತರಿಸುವಾಗ ಜತೆಗೆ ಬಂದುಬಿಡುತ್ತವೆ. ಲೆವೊಡೋಪಾವನ್ನು ಡೋಪಮೈನ್ ಮಾಡಿ ಹೊರಬಿಡುವುದು ಇವಕ್ಕೂ ಗೊತ್ತು. ಆದರೆ ಹೊರಬಿಟ್ಟ ಡೋಪಮೈನನ್ನು ಮರಳಿ ಹೀರಿಕೊಂಡು ಹದದಲ್ಲಿಡುವ ವ್ಯವಸ್ಥೆ ಇವಕ್ಕಿಲ್ಲ. ಕ್ಯೋಟೊ ತಂಡ ತಯಾರಿಕೆಯ ವಿಧಾನ ರೂಪಿಸಿದ್ದು ಈ ಪಾಠವನ್ನು ಎದುರಿಗಿಟ್ಟುಕೊಂಡೇ.

ಯಾರ ಕೋಶ: ರೋಗಿಯದೋ ದಾನಿಯದೋ

ರೋಗಿಯದೇ ಕೋಶ ಬಳಸಿದರೆ ದೇಹ ಅದನ್ನು ತಿರಸ್ಕರಿಸುವ ಭಯ ಇಲ್ಲ. ಅಮೆರಿಕದಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಎಡಕ್ಕೆ, ಆರು ತಿಂಗಳ ನಂತರ ಬಲಕ್ಕೆ, ಹೀಗೆ ಒಬ್ಬ 69 ವರ್ಷದ ರೋಗಿಗೆ ಅವರದೇ ಚರ್ಮದಿಂದ ತಯಾರಿಸಿದ ಕೋಶಗಳನ್ನು ಬದಿಗೆ 40 ಲಕ್ಷದಂತೆ ಇಟ್ಟರು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಡಲೇ ಇಲ್ಲ. 2020ರಲ್ಲಿ ಈ ವರದಿ ಬಂದಾಗ ದೊಡ್ಡ ಸುದ್ದಿಯಾಯಿತು. ಇಷ್ಟಾದರೂ ಪ್ರತಿ ರೋಗಿಗೂ ಹೊಸದಾಗಿ ಕೋಶ ತಯಾರಿಸಿ, ಪ್ರತಿಯೊಂದನ್ನೂ ಹೊಸದಾಗಿ ಪರೀಕ್ಷಿಸುವುದು ತಿಂಗಳುಗಟ್ಟಲೆಯ, ಭಾರಿ ಖರ್ಚಿನ ಕೆಲಸ. ಜಪಾನಿಗೆ ಇದರ ಬಿಸಿ ಮೊದಲೇ ತಟ್ಟಿತ್ತು. 2014ರಲ್ಲಿ ಕೋಬೆಯಲ್ಲಿ ರೋಗಿಯದೇ ಐಪಿಎಸ್ ಕೋಶದಿಂದ ರೆಟಿನಾದ ಪದರ ಮಾಡಿ ಕಸಿ ಮಾಡಿದರು. ಎರಡನೆಯ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆಗಳು ಕಂಡವು, ಕಸಿ ಅಲ್ಲಿಗೇ ನಿಂತಿತು. ಆಮೇಲೆ ಅಲ್ಲಿನ ಒಲವು ಪರೀಕ್ಷಿಸಿ ಸಂಗ್ರಹಿಸಿಟ್ಟ ದಾನಿ ಕೋಶಗಳ ಕಡೆಗೆ ತಿರುಗಿತು.

ಏಳು ರೋಗಿಗಳಿಗೂ ಬಳಸಿದ್ದು ಅಂಥದೊಂದು ಸಂಗ್ರಹದ ಕೋಶ. ದಾನಿಯನ್ನು ಆರಿಸಿದ ಬಗೆಯಲ್ಲಿ ಜಾಣತನವಿದೆ. ನಮ್ಮ ಕೋಶಗಳ ಮೇಲೆ 'ಇದು ನನ್ನದು' ಎಂದು ಸಾರುವ ಎಚ್‌ಎಲ್‌ಎ ಗುರುತುಗಳ ಒಂದು ಕಟ್ಟು ತಾಯಿಯಿಂದ, ಒಂದು ತಂದೆಯಿಂದ ಬರುತ್ತದೆ. ಎರಡೂ ಕಟ್ಟು ಒಂದೇ ಆಗಿರುವ ದಾನಿ ಸಿಕ್ಕರೆ, ಆ ಕಟ್ಟಿನ ಒಂದೇ ಪ್ರತಿ ಇರುವ ಯಾರ ದೇಹಕ್ಕೂ ಈ ಕೋಶದ ಮುಖ್ಯ ಗುರುತುಗಳು ಪರಕೀಯವಾಗಿ ಕಾಣುವುದಿಲ್ಲ. ಜಪಾನೀಯರಲ್ಲಿ ಅತಿ ಸಾಮಾನ್ಯವಾದ ಕಟ್ಟು ಎರಡು ಪ್ರತಿಯಲ್ಲಿದ್ದ ದಾನಿಯನ್ನು ಹುಡುಕಿದರು. ಆ ಒಬ್ಬರ ಕೋಶ ಸುಮಾರು 17% ಜಪಾನೀಯರಿಗೆ ಹೊಂದುತ್ತದೆ. ರಕ್ತದ ಕೋಶಗಳಿಗೆ ಜೀನ್ ದಾಟಿಸಲು ವೈರಸ್ ಬಳಸಲಿಲ್ಲ. ವರ್ಣತಂತುವಿನೊಳಗೆ ಸೇರಿಕೊಳ್ಳದೆ ಕೋಶ ವಿಭಜನೆಯಾದಂತೆಲ್ಲ ಕಳೆದುಹೋಗುವ ಎಪಿಸೋಮಲ್ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ಬಳಸಿದರು. ವೈರಸ್ ತಂದ ಜೀನ್ ಎಲ್ಲೋ ಒಂದು ಕಡೆ ಕಚ್ಚಿಕೊಂಡು ಗಡ್ಡೆಗೆ ದಾರಿಯಾಗುವ ಅಪಾಯ ಇದರಿಂದ ತಗ್ಗುತ್ತದೆ.

ನಾಲ್ಕು ವಾರದ ತಯಾರಿ

ಕ್ಯೋಟೊ ತಂಡ 2014ರಲ್ಲಿ ಪ್ರಕಟಿಸಿದ ವಿಧಾನದ ಲೆಕ್ಕ ಹೀಗಿದೆ. ಐಪಿಎಸ್ ಕೋಶಗಳನ್ನು, ಕೋಶ ಅಂಟಿ ನಿಲ್ಲಲು ನೆರವಾಗುವ ಲ್ಯಾಮಿನಿನ್-511 ಪ್ರೋಟೀನಿನ ಇ-8 ತುಣುಕು ಲೇಪಿಸಿದ ತಟ್ಟೆಯಲ್ಲಿ ಒತ್ತಾಗಿ ಬಿತ್ತುತ್ತಾರೆ. ಮೊದಲು ಎಲ್‌ಡಿಎನ್-193189 (100 ನ್ಯಾನೊಮೋಲಾರ್) ಮತ್ತು ಎ-83-01 (500 ನ್ಯಾನೊಮೋಲಾರ್) ಎಂಬ ಎರಡು ತಡೆರಾಸಾಯನಿಕ. ಇವು ಚರ್ಮ, ಮೂಳೆ, ಕರುಳಿನ ದಾರಿಗಳನ್ನು ಮುಚ್ಚಿ ಕೋಶವನ್ನು ನರದ ದಾರಿಗೆ ತಳ್ಳುತ್ತವೆ. ಒಂದನೆಯ ದಿನದಿಂದ ಪರ್ಮಾರ್ಫಮೈನ್ (2 ಮೈಕ್ರೋಮೋಲಾರ್) ಮತ್ತು ಎಫ್‌ಜಿಎಫ್-8 (ಮಿಲಿಲೀಟರಿಗೆ 100 ನ್ಯಾನೊಗ್ರಾಂ). ಪರ್ಮಾರ್ಫಮೈನ್ ಕೋಶಕ್ಕೆ 'ನೀನು ನರನಾಳದ ಅಡಿಭಾಗ' ಎಂಬ ಸೂಚನೆ ಕೊಡುತ್ತದೆ. ನರನಾಳ ಎಂದರೆ ಭ್ರೂಣದಲ್ಲಿ ಮುಂದೆ ಮಿದುಳು, ಬೆನ್ನುಹುರಿಯಾಗುವ ಕೊಳವೆ. ಮೂರನೆಯ ದಿನದಿಂದ ಸಿಎಚ್‌ಐಆರ್-99021 (3 ಮೈಕ್ರೋಮೋಲಾರ್).

ಕೊನೆಯದು ಅತ್ಯಂತ ನಾಜೂಕಿನದು. ತಲೆಯಿಂದ ಬಾಲದವರೆಗೆ ನರನಾಳದಲ್ಲಿ ಕೋಶ ಎಲ್ಲಿ ನಿಲ್ಲಬೇಕು ಎಂಬುದನ್ನು ಅದರ ಪ್ರಮಾಣ ತೀರ್ಮಾನಿಸುತ್ತದೆ. ಕಡಿಮೆಯಾದರೆ ಕೋಶಗಳು ಮುಂಮಿದುಳಿನವಾಗುತ್ತವೆ. ಹೆಚ್ಚಾದರೆ ಹಿಂಮಿದುಳಿಗೆ ಜಾರಿ, ಬೇಡವಾದ ಆ ಸೆರಟೋನಿನ್ ನರಕೋಶಗಳೇ ಹುಟ್ಟುತ್ತವೆ. ನಡುಮಿದುಳಿನ ಕಿಂಡಿ ಕಿರಿದು. ಆ ಕಿಂಡಿಯ ಜಾಗವೂ ಕೋಶದ ತಳಿ, ಬಿತ್ತಿದ ಸಾಂದ್ರತೆ, ರಾಸಾಯನಿಕದ ಬ್ಯಾಚ್ ಬದಲಾದಂತೆ ಅತ್ತಿತ್ತ ಸರಿಯುತ್ತದೆ. ಬೇರೆ ಪ್ರಯೋಗಾಲಯಗಳ ವಿಧಾನಗಳಲ್ಲಿ ಇದೇ ರಾಸಾಯನಿಕದ ಪ್ರಮಾಣ 1 ಮೈಕ್ರೋಮೋಲಾರ್ ಆಸುಪಾಸು ಇರುವುದುಂಟು. ಒಬ್ಬರ ಅಂಕಿಯನ್ನು ಇನ್ನೊಬ್ಬರು ಹಾಗೇ ಎತ್ತಿಕೊಂಡರೆ ಕೆಡುವುದು ಇಲ್ಲೇ. ಹೊಸ ತಳಿ ಕೈಗೆ ಬಂದಾಗ ಐದಾರು ಪ್ರಮಾಣಗಳನ್ನು ಅಕ್ಕಪಕ್ಕ ಇಟ್ಟು, ಮುಂಮಿದುಳು ಮತ್ತು ಹಿಂಮಿದುಳಿನ ಜೀನ್ ಗುರುತುಗಳನ್ನು ಅಳೆದು, ಆಮೇಲಷ್ಟೇ ಪ್ರಮಾಣ ನಿಗದಿ ಮಾಡುವುದು ಕ್ಷೇಮ.

ಎಷ್ಟು ಹುಷಾರಾಗಿ ಮಾಡಿದರೂ ತಟ್ಟೆಯಲ್ಲಿ ಕಲಬೆರಕೆ ಇದ್ದೇ ಇರುತ್ತದೆ. ಆದ್ದರಿಂದ ಸುಮಾರು ಹನ್ನೆರಡನೆಯ ದಿನ ಕೋಶಗಳನ್ನು ಬಿಡಿಸಿ ಕೋರಿನ್ ಎಂಬ ಪ್ರೋಟೀನಿಗೆ ಅಂಟುವ ಪ್ರತಿಕಾಯ ಹಚ್ಚಿ, ಕೋಶ ವಿಂಗಡಿಸುವ ಯಂತ್ರದಲ್ಲಿ ಹಾಯಿಸುತ್ತಾರೆ. ನರನಾಳದಲ್ಲಿ ಅಡಿಭಾಗದ ಕೋಶಗಳ ಹೊರಮೈ ಮೇಲೆ ಮಾತ್ರ ಕೋರಿನ್ ಇರುತ್ತದೆ. ಡೋಪಮೈನ್ ನರಕೋಶ ಹುಟ್ಟುವುದು ಅಲ್ಲಿಂದಲೇ. ಯಂತ್ರ ಅಕ್ಕಿಯಿಂದ ಕಲ್ಲು ಆರಿಸಿದಂತೆ ಒಂದೊಂದೇ ಕೋಶ ನೋಡಿ, ಗುರುತು ಇದ್ದದ್ದನ್ನು ಉಳಿಸಿ ಮಿಕ್ಕದ್ದನ್ನು ಬಿಸಾಡುತ್ತದೆ. ಉಳಿದುಕೊಂಡಿರಬಹುದಾದ ಐಪಿಎಸ್ ಕೋಶಗಳೂ, ಇನ್ನೂ ವೇಗವಾಗಿ ವಿಭಜನೆಯಾಗುವ ಎಳೆ ನರಪೂರ್ವ ಕೋಶಗಳೂ ಇಲ್ಲೇ ಹೊರಗೆ ಹೋಗುತ್ತವೆ. ಮೊದಲನೆಯದು ಉಳಿದರೆ ಟೆರಟೋಮಾ ಎಂಬ ಗಡ್ಡೆ. ಎರಡನೆಯದು ಉಳಿದರೆ ಕಸಿ ಮಿತಿಮೀರಿ ಉಬ್ಬಿ ಸುತ್ತಲಿನ ಮಿದುಳನ್ನು ಒತ್ತುತ್ತದೆ. ಈ ಹಂತಕ್ಕೂ ಬೆಲೆ ಇದೆ: ಯಂತ್ರದ ಒತ್ತಡದಲ್ಲಿ ಒಂದಷ್ಟು ಕೋಶ ಸಾಯುತ್ತವೆ, ಹೊತ್ತು ಹಿಡಿಯುತ್ತದೆ. ಒಂಟಿಯಾದ ಕೋಶ ಸಾಯದಂತೆ ರಾಕ್ ತಡೆರಾಸಾಯನಿಕ ಹಾಕಲೇಬೇಕು. ಬೇರೆ ಕೆಲವು ತಂಡಗಳು ವಿಂಗಡಣೆ ಬಿಟ್ಟು ರಾಸಾಯನಿಕ ಪ್ರಮಾಣದ ಕರಾರುವಾಕ್ಕನ್ನೇ ನಂಬಿವೆ. ಮಿದುಳಿಗೆ ಒಮ್ಮೆ ಹೋದದ್ದನ್ನು ಹಿಂದಕ್ಕೆ ತೆಗೆಯಲಾಗದು ಎಂಬುದನ್ನು ನೆನೆದರೆ ವಿಂಗಡಣೆಯ ಪರ ವಾದವೇ ಗಟ್ಟಿ.

ವಿಂಗಡಿಸಿದ ಕೋಶಗಳನ್ನು ತಳಕ್ಕೆ ಅಂಟದ ತಟ್ಟೆಗಳಲ್ಲಿ ಸಣ್ಣ ಗುಂಡುಗಳಾಗಿ ಕೂಡಿಸಿ, ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ (ಮಿಲಿಲೀಟರಿಗೆ 20 ನ್ಯಾನೊಗ್ರಾಂ), ಜಿಡಿಎನ್‌ಎಫ್ (10 ನ್ಯಾನೊಗ್ರಾಂ), ಆಸ್ಕಾರ್ಬಿಕ್ ಆಮ್ಲ (200 ಮೈಕ್ರೋಮೋಲಾರ್), ಡೈಬ್ಯೂಟಿರಿಲ್ ಸಿಎಎಂಪಿ (400 ಮೈಕ್ರೋಮೋಲಾರ್) ಕೊಟ್ಟು ಸುಮಾರು ಮೂವತ್ತನೆಯ ದಿನದವರೆಗೆ ಬೆಳೆಸುತ್ತಾರೆ. ಆ ದಿನವನ್ನು ಆರಿಸಿದ್ದಕ್ಕೆ ಕಾರಣವಿದೆ. ಇನ್ನೂ ಬೇಗ ತೆಗೆದರೆ ವಿಭಜನೆ ನಿಂತಿರುವುದಿಲ್ಲ. ತಡಮಾಡಿದರೆ ನರಕೋಶ ಬಲಿತು ಉದ್ದ ತಂತು ಬಿಟ್ಟಿರುತ್ತದೆ. ಸೂಜಿಯಲ್ಲಿ ಹಾಯುವಾಗ ತಂತು ಹರಿದು ಕೋಶವೇ ಸಾಯುತ್ತದೆ. ಏಳು ರೋಗಿಗಳಿಗೆ ಹೋದ ಗುಂಡುಗಳಲ್ಲಿ ಸುಮಾರು 60% ಡೋಪಮೈನ್ ಪೂರ್ವಕೋಶ (ನರಕೋಶವಾಗುವ ಹಾದಿಯಲ್ಲಿರುವ ಎಳೆ ಕೋಶ), 40% ಡೋಪಮೈನ್ ನರಕೋಶ ಇದ್ದವು. ಸೆರಟೋನಿನ್ ಕೋಶದ ಗುರುತು ಸಿಗಲಿಲ್ಲ. ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅಂಕಿ ಇದೇ.

ಗುಂಡುಗಳಾಗಿ ಕಸಿ ಮಾಡುವುದರಲ್ಲಿ ಒಂದು ವ್ಯಾವಹಾರಿಕ ತೊಡಕಿದೆ. ಗುಂಡಿನ ಒಳಗಿನವರೆಗೆ ಹಿಮರಕ್ಷಕ ದ್ರಾವಣ ಸಮನಾಗಿ ಇಳಿಯುವುದಿಲ್ಲ, ಹಾಗಾಗಿ ಬಿಡಿ ಕೋಶಗಳಷ್ಟು ಸುಲಭವಾಗಿ ಶೈತ್ಯೀಕರಿಸಿಡಲು ಬರುವುದಿಲ್ಲ. ತಾಜಾ ಕೋಶವೇ ಬೇಕೆಂದಾದರೆ ಶಸ್ತ್ರಚಿಕಿತ್ಸೆಯ ದಿನದಿಂದ ಹಿಂದಕ್ಕೆ ಎಣಿಸಿ ತಯಾರಿ ಶುರುಮಾಡಬೇಕು. ರೋಗಿಗೆ ಜ್ವರ ಬಂದು ಶಸ್ತ್ರಚಿಕಿತ್ಸೆ ಮುಂದೆ ಹೋದರೆ ತಿಂಗಳ ದುಡಿಮೆ ನೀರುಪಾಲು.

ಮನುಷ್ಯರಿಗೆ ಕೊಡುವ ಮುಂಚೆ ಪಾರ್ಕಿನ್ಸನ್ ಲಕ್ಷಣ ಬರಿಸಿದ ಕೋತಿಗಳಲ್ಲಿ ಎರಡು ವರ್ಷದವರೆಗೆ ನೋಡಿದ್ದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಚಲನೆ ಸುಧಾರಿಸಿತ್ತು, ಗಡ್ಡೆ ಕಂಡಿರಲಿಲ್ಲ.

ಶಸ್ತ್ರಚಿಕಿತ್ಸೆ, ನಂತರದ ಔಷಧ

ಮೂರು ರೋಗಿಗಳಿಗೆ ಬದಿಗೆ 21ರಿಂದ 26 ಲಕ್ಷ ಕೋಶ, ನಾಲ್ವರಿಗೆ 53ರಿಂದ 55 ಲಕ್ಷ. ತಲೆಗೆ ಚೌಕಟ್ಟು ಬಿಗಿದು, ಎಂಆರ್‌ಐ ನಕ್ಷೆಯ ಮೇಲೆ ರಕ್ತನಾಳ ತಪ್ಪಿಸಿ ದಾರಿ ಗುರುತಿಸಿ, ಬುರುಡೆಯ ಸಣ್ಣ ರಂಧ್ರದಿಂದ ಸೂಜಿ ಇಳಿಸುವ ವಿಧಾನ. ಇಂಥ ಕಸಿಯಲ್ಲಿ ಎಡವಲು ಮೂರು ಜಾಗ: ರಕ್ತಸ್ರಾವ, ವೇಗವಾಗಿ ಒತ್ತಿದರೆ ಕೋಶ ಸೂಜಿಯ ದಾರಿಯಲ್ಲೇ ಮೇಲಕ್ಕೆ ಉಕ್ಕುವುದು, ಮತ್ತು ಮೊದಲ ಕೆಲವು ದಿನ ಆಮ್ಲಜನಕ ಸಾಲದೆ, ಉರಿಯೂತದಿಂದ ಬಹುಪಾಲು ಕೋಶ ಸಾಯುವುದು. ಕೊಟ್ಟದ್ದು ಐವತ್ತು ಲಕ್ಷವಾದರೂ ಬದುಕಿ ಡೋಪಮೈನ್ ಸುರಿಸುವವು ಅದರ ಸಣ್ಣ ಪಾಲು. ಪ್ರತಿ ಬದಿಗೆ ಕನಿಷ್ಠ ಒಂದು ಲಕ್ಷ ಡೋಪಮೈನ್ ನರಕೋಶ ಉಳಿದರೆ ಗುಣ ಕಾಣಬಹುದು ಎಂಬುದು ಭ್ರೂಣದ ಕಸಿಗಳ ಕಾಲದಿಂದ ಬಂದ ಅಂದಾಜು.

ದಾನಿಯ ಕೋಶವಾದ್ದರಿಂದ ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್ ಕೊಟ್ಟರು. ದೇಹತೂಕದ ಕಿಲೋಗೆ 0.06 ಮಿಲಿಗ್ರಾಂನಂತೆ ದಿನಕ್ಕೆರಡು ಸಲ. ರಕ್ತದಲ್ಲಿ ಕನಿಷ್ಠ ಮಟ್ಟ ಮಿಲಿಲೀಟರಿಗೆ 5ರಿಂದ 10 ನ್ಯಾನೊಗ್ರಾಂ ಇರುವಂತೆ. ಹನ್ನೆರಡನೆಯ ತಿಂಗಳಿಗೆ ಅರ್ಧಕ್ಕೆ ಇಳಿಸಿ, ಹದಿನೈದಕ್ಕೆ ನಿಲ್ಲಿಸಿದರು. ಮೂತ್ರಪಿಂಡ, ರಕ್ತದೊತ್ತಡ, ಸೋಂಕು ಇವುಗಳ ಮೇಲೆ ಕಣ್ಣಿಡಬೇಕು ಎಂಬುದು ಎಲ್ಲ ಕಸಿ ವೈದ್ಯರಿಗೂ ಗೊತ್ತು. ಪಾರ್ಕಿನ್ಸನ್‌ನಲ್ಲಿ ಇನ್ನೊಂದು ಸಂಗತಿ ಸೇರುತ್ತದೆ: ಟ್ಯಾಕ್ರೊಲಿಮಸ್‌ನ ಅಡ್ಡಪರಿಣಾಮಗಳಲ್ಲಿ ಕೈನಡುಕವೂ ಒಂದು. ಔಷಧದ ಮಟ್ಟ ಏರಿದ್ದನ್ನು ನೋಡದೆ ಕೈನಡುಕ ಅಳೆದರೆ, ಕಸಿ ಸೋತಿತು ಎಂಬ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆ ಇದೆ.

ಎರಡು ವರ್ಷದ ಫಲಿತಾಂಶ, ಅದನ್ನು ಓದುವ ಬಗೆ

ಗಂಭೀರ ಪ್ರತಿಕೂಲ ಘಟನೆ ಒಂದೂ ಇಲ್ಲ. ಲಘು ಮತ್ತು ಮಧ್ಯಮ ಮಟ್ಟದವು 73. ಎಂಆರ್‌ಐನಲ್ಲಿ ಕಸಿ ಅತಿಯಾಗಿ ಬೆಳೆದದ್ದು ಕಾಣಲಿಲ್ಲ. ಪರಿಣಾಮ ಅಳೆದದ್ದು ಆರು ಮಂದಿಯಲ್ಲಿ. ಮಾತ್ರೆ ಬಿಟ್ಟ ಸ್ಥಿತಿಯಲ್ಲಿ ಚಲನೆಯ ಅಂಕ ನಾಲ್ವರಲ್ಲಿ, ಮಾತ್ರೆಯ ಪ್ರಭಾವದಲ್ಲಿದ್ದಾಗ ಐವರಲ್ಲಿ ಸುಧಾರಿಸಿತು. ಸರಾಸರಿ ಸುಧಾರಣೆ ಕ್ರಮವಾಗಿ 9.5 ಅಂಕ (20.4%) ಮತ್ತು 4.3 ಅಂಕ (35.7%). ಈ ಮಾಪನದ ಗರಿಷ್ಠ 132 ಅಂಕ, ಕಡಿಮೆಯಾದಷ್ಟೂ ಒಳ್ಳೆಯದು. ಪಿಇಟಿ ಸ್ಕ್ಯಾನ್‌ನಲ್ಲಿ ಪುಟಾಮೆನ್‌ಗೆ ಫ್ಲೋರೊಡೋಪಾ (ಡೋಪಮೈನ್ ತಯಾರಿಕೆ ನಡೆಯುವ ಜಾಗ ತೋರಿಸುವ ವಿಕಿರಣ ಗುರುತಿನ ವಸ್ತು) ಸೇರುವ ದರ ಸರಾಸರಿ 44.7% ಏರಿತ್ತು, ಹೆಚ್ಚು ಕೋಶ ಪಡೆದವರಲ್ಲಿ ಏರಿಕೆಯೂ ಹೆಚ್ಚು. ಉಳಿದ ಅಳತೆಗಳಲ್ಲಿ ಹೆಚ್ಚಿನ ಬದಲಾವಣೆ ಇರಲಿಲ್ಲ.

ಈ ಅಂಕಿಗಳಲ್ಲಿ ಪಿಇಟಿಗೆ ಹೆಚ್ಚು ತೂಕ ಕೊಡಬೇಕು. ಎಲ್ಲರಿಗೂ ಕಸಿ ಆಗಿದೆ ಎಂದು ರೋಗಿಗೂ ವೈದ್ಯರಿಗೂ ಗೊತ್ತಿತ್ತು, ಹೋಲಿಸಲು ಬೇರೆ ಗುಂಪಿರಲಿಲ್ಲ. ಪಾರ್ಕಿನ್ಸನ್‌ನಲ್ಲಿ ಭರವಸೆಯೇ ಡೋಪಮೈನ್ ಏರಿಸುತ್ತದೆ. ಮಿದುಳಿನ ಶಸ್ತ್ರಚಿಕಿತ್ಸೆಯಾಯಿತು ಎಂಬ ನಂಬಿಕೆಯಿಂದಲೇ ಚಲನೆಯ ಅಂಕ ತಾತ್ಕಾಲಿಕವಾಗಿ ಇಳಿಯಬಲ್ಲದು. ಕೋಶದ ಪ್ರಮಾಣ ಹೆಚ್ಚಿದಂತೆ ಸ್ಕ್ಯಾನಿನ ಏರಿಕೆಯೂ ಹೆಚ್ಚುವುದನ್ನು ನಂಬಿಕೆಯೊಂದರಿಂದಲೇ ವಿವರಿಸುವುದು ಕಷ್ಟ. ಕಸಿ ಬದುಕಿದೆ, ಕೆಲಸ ಮಾಡುತ್ತಿದೆ ಎಂದು ಹೇಳಲು ಅಷ್ಟು ಸಾಕು. ರೋಗಿಗೆ ಎಷ್ಟು ಗುಣವಾಯಿತು ಎಂದು ಹೇಳಲು ಸಾಲದು.

ಡಿಸ್ಕೈನೇಸಿಯಾ ಹೆಚ್ಚಿತು ಎಂಬುದನ್ನೂ ತಂಡ ಮುಚ್ಚಿಟ್ಟಿಲ್ಲ. ಕಸಿಯ ಪರಿಣಾಮ ಬೇರೆಯಾಗಿ ಕಾಣಲೆಂದು ಮಾತ್ರೆಗಳ ಡೋಸನ್ನು ಅಗತ್ಯ ಬಿದ್ದ ಹೊರತು ಬದಲಿಸಿರಲಿಲ್ಲ. ಹಳೆಯ ಡೋಸಿನ ಮೇಲೆ ಹೊಸ ಡೋಪಮೈನ್ ಸೇರಿದಾಗ ಕೈಕಾಲು ಕುಣಿದದ್ದು ಆಶ್ಚರ್ಯವಲ್ಲ. ಚಿಕಿತ್ಸೆಯಾಗಿ ಬಳಸುವಾಗ ಕಸಿ ಬಲಿಯುತ್ತ ಬಂದಂತೆ ಲೆವೊಡೋಪಾ ಇಳಿಸುವ ವೇಳಾಪಟ್ಟಿ ಜತೆಗೇ ಇರಬೇಕು.

ಅದೇ ಸಂಚಿಕೆಯ ಹೊತ್ತಿಗೆ ಬಂದ ಉತ್ತರ ಅಮೆರಿಕದ ಇನ್ನೊಂದು ಪರೀಕ್ಷೆಯಲ್ಲಿ ಭ್ರೂಣಮೂಲದ ಕಾಂಡಕೋಶಗಳಿಂದ ತಯಾರಿಸಿದ ಡೋಪಮೈನ್ ಪೂರ್ವಕೋಶಗಳನ್ನು 12 ಮಂದಿಗೆ ಕೊಟ್ಟಿದ್ದರು, ಬದಿಗೆ 9 ಲಕ್ಷ ಅಥವಾ 27 ಲಕ್ಷ. ಹೆಚ್ಚು ಪಡೆದವರಲ್ಲಿ ಹದಿನೆಂಟು ತಿಂಗಳಿಗೆ ಸರಾಸರಿ 23 ಅಂಕ ಇಳಿದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ತೀರ್ಪು ಕೊಡುವುದು ಸರಿಯಲ್ಲ. ರೋಗಿಗಳು ಬೇರೆ, ಅಳೆದ ಅವಧಿ ಬೇರೆ, ಎರಡೂ ಚಿಕ್ಕವು.

ದೀರ್ಘಾವಧಿಯ ಪ್ರಶ್ನೆ ಬಾಕಿಯಿದೆ. ಭ್ರೂಣದ ಅಂಗಾಂಶ ಪಡೆದ ಕೆಲವರ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿದಾಗ, ಕಸಿಯಾಗಿ ಹತ್ತು ವರ್ಷಕ್ಕೂ ಹೆಚ್ಚು ಕಳೆದ ಆರೋಗ್ಯವಂತ ಕೋಶಗಳಲ್ಲೂ ಲೂಯಿ ಕಾಯಗಳು ಕಂಡಿದ್ದವು. ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನ್ ಗಂಟುಕಟ್ಟಿದ ಈ ಕಾಯಗಳು ಪಾರ್ಕಿನ್ಸನ್‌ನ ಗುರುತು. ಅಂದರೆ ಕಾಯಿಲೆ ಆತಿಥೇಯ ಮಿದುಳಿನಿಂದ ಹೊಸ ಕೋಶಕ್ಕೂ ದಾಟಬಲ್ಲದು. ಬಹುಪಾಲು ಕೋಶಗಳಿಗೆ ಅದು ತಟ್ಟಿರಲಿಲ್ಲ ಎಂಬುದು ಸಮಾಧಾನ.

ಅದೇ ಕೋಶ, ಇನ್ನೊಂದು ಕೆಲಸ

ಚಿಕಿತ್ಸೆಗೆ ದಾನಿಯ ಕೋಶ ಬೇಕಾದರೆ, ಅಧ್ಯಯನಕ್ಕೆ ರೋಗಿಯ ಕೋಶವೇ ಬೇಕು. ಬದುಕಿರುವವರ ಮಿದುಳಿನಿಂದ ನರಕೋಶ ತೆಗೆಯಲಾಗದು. ಅವರ ರಕ್ತದಿಂದ ಅದೇ ಜೀನ್‌ಗಳಿರುವ ನರಕೋಶ ಬೆಳೆಸಬಹುದು. ಆಲ್ಫಾ-ಸಿನ್ಯೂಕ್ಲೀನ್ ಜೀನ್ ಮೂರುಪಟ್ಟಾದ ಕುಟುಂಬದವರ ಕೋಶದಿಂದ ಬೆಳೆಸಿದ ನರಕೋಶಗಳಲ್ಲಿ ಆ ಪ್ರೋಟೀನ್ ಸುಮಾರು ದುಪ್ಪಟ್ಟು ಇರುವುದು 2011ರಲ್ಲೇ ಕಂಡಿತ್ತು. ಇಲ್ಲಿ ಎಡವುವುದು ಹೋಲಿಕೆಯಲ್ಲಿ. ರೋಗಿಯ ಕೋಶವನ್ನು ಬೇರೊಬ್ಬರ ಕೋಶದೊಂದಿಗೆ ಹೋಲಿಸಿದರೆ ಕಾಣುವ ವ್ಯತ್ಯಾಸ ಕಾಯಿಲೆಯದೋ ವಂಶದ್ದೋ ತಿಳಿಯದು. ಆದ್ದರಿಂದ ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದಿಂದ ದೋಷದ ಜೀನ್ ಒಂದನ್ನೇ ತಿದ್ದಿ, ಉಳಿದೆಲ್ಲ ಒಂದೇ ಆಗಿರುವ ಜೋಡಿಯನ್ನು ಮಾಡಿಕೊಳ್ಳುತ್ತಾರೆ. ಇನ್ನೊಂದು ಅಡಚಣೆ ವಯಸ್ಸು. ಹಿಂದಕ್ಕೆ ಮರಳಿಸಿದಾಗ ಕೋಶದ ವಯಸ್ಸಿನ ಗುರುತುಗಳೂ ಅಳಿಯುತ್ತವೆ. ಎಪ್ಪತ್ತರ ರೋಗಿಯಿಂದ ಬೆಳೆಸಿದ ನರಕೋಶ ಭ್ರೂಣದ ನರಕೋಶದಂತೆ ವರ್ತಿಸುತ್ತದೆ. ಜೀನ್ ದೋಷ ಗೊತ್ತಿರದ ಸಾಮಾನ್ಯ ಪಾರ್ಕಿನ್ಸನ್ ತಟ್ಟೆಯಲ್ಲಿ ಸರಿಯಾಗಿ ಮೂಡದಿರಲು ಇದೂ ಒಂದು ಕಾರಣ. ಆದರೂ ಫಲ ಸಿಕ್ಕಿದೆ: ಟೋಕಿಯೊದ ಕೇಯೊ ವಿಶ್ವವಿದ್ಯಾಲಯದ ಹಿದೆಯುಕಿ ಒಕಾನೊ ತಂಡ ಎಎಲ್‌ಎಸ್ ರೋಗಿಗಳ ಐಪಿಎಸ್ ನರಕೋಶಗಳ ಮೇಲೆ 1,232 ಔಷಧಗಳನ್ನು ಜರಡಿ ಹಿಡಿದು ರೋಪಿನಿರೋಲ್ ಆರಿಸಿ, 20 ರೋಗಿಗಳಲ್ಲಿ ಪರೀಕ್ಷಿಸಿತು. ಅದು ಪಾರ್ಕಿನ್ಸನ್‌ಗೆ ದಶಕಗಳಿಂದ ಕೊಡುತ್ತಿರುವ ಮಾತ್ರೆ.

ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ನಿಮ್ಹಾನ್ಸ್ ಆಸ್ಪತ್ರೆ, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಗಳು ಸೇರಿ ನಡೆಸಿದ ಎಡಿಬಿಎಸ್ ಯೋಜನೆಯಲ್ಲಿ, ಮಾನಸಿಕ ಕಾಯಿಲೆ ಹಾಗೂ ಮರೆಗುಳಿತನ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿರುವ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸುತ್ತ, ಅವರ ರಕ್ತದಿಂದ ಐಪಿಎಸ್ ಕೋಶಗಳನ್ನು ತಯಾರಿಸಿದ್ದಾರೆ. ಕ್ಯೋಟೊ ಮಾದರಿಯ ದಾನಿ ಸಂಗ್ರಹ ನಮ್ಮಲ್ಲಿ ಕಟ್ಟುವುದಾದರೆ ಲೆಕ್ಕ ಬೇರೆಯೇ ಆಗುತ್ತದೆ. ಒಳಮದುವೆಯ ನೂರಾರು ಸಮುದಾಯಗಳಿರುವಲ್ಲಿ ಒಬ್ಬ ದಾನಿಯ ಎಚ್‌ಎಲ್‌ಎ ಕಟ್ಟು ಅಷ್ಟು ದೊಡ್ಡ ಪಾಲಿಗೆ ಹೊಂದುತ್ತದೆಂದು ನಿರೀಕ್ಷಿಸಲಾಗದು.

ಕ್ಯೋಟೊದ ಸುದ್ದಿ ತೋರಿಸಿ 'ಸ್ಟೆಮ್ ಸೆಲ್ ಥೆರಪಿ' ಎಂದು ಹಣ ಕೇಳುವವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರು ಸಾಮಾನ್ಯವಾಗಿ ಕೊಡುವುದು ಮೂಳೆಮಜ್ಜೆ, ಕೊಬ್ಬು ಅಥವಾ ಹೊಕ್ಕುಳಬಳ್ಳಿಯಿಂದ ತೆಗೆದ ಕೋಶ. ಅದು ಡೋಪಮೈನ್ ನರಕೋಶವಾಗುವುದಿಲ್ಲ, ಬೆನ್ನುಹುರಿಯ ದ್ರವಕ್ಕೋ ರಕ್ತನಾಳಕ್ಕೋ ಚುಚ್ಚಿದರೆ ಪುಟಾಮೆನ್‌ಗೆ ಹೋಗಿ ನೆಲೆಸುವುದೂ ಇಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಒಪ್ಪಿತ ಬಳಕೆ ಬಿಟ್ಟರೆ ಮಿಕ್ಕದ್ದೆಲ್ಲ ಅನುಮೋದಿತ ಪರೀಕ್ಷೆಯೊಳಗೇ ನಡೆಯಬೇಕು, ಪರೀಕ್ಷೆಗೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಅಂಥ ಕಡೆ ಕಾಲಿಡುವ ಮೊದಲು ಸಿಟಿಆರ್‌ಐ (ದೇಶದ ಚಿಕಿತ್ಸಾ ಪರೀಕ್ಷೆಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ ಅದನ್ನು ಜಾಲತಾಣದಲ್ಲಿ ನೀವೇ ನೋಡಿ. ಕೊಡುವ ಕೋಶ ಯಾವ ಬಗೆಯದು, ಅದರಲ್ಲಿ ಡೋಪಮೈನ್ ಪೂರ್ವಕೋಶ ಶೇಕಡಾ ಎಷ್ಟು, ಎಲ್ಲಿಗೆ ಚುಚ್ಚುತ್ತಾರೆ, ಕಸಿ ಬದುಕಿದೆಯೇ ಎಂದು ಯಾವ ಸ್ಕ್ಯಾನ್‌ನಲ್ಲಿ ನೋಡುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ. ನಡೆಯುತ್ತಿರುವ ಲೆವೊಡೋಪಾವನ್ನು ಯಾರ ಮಾತಿಗೂ ಏಕಾಏಕಿ ನಿಲ್ಲಿಸಬೇಡಿ; ಹಠಾತ್ತಾಗಿ ಬಿಟ್ಟರೆ ಮೈ ಪೂರ್ತಿ ಬಿಗಿದು, ಜ್ವರ ಏರಿ ಜೀವಕ್ಕೇ ಅಪಾಯವಾಗಬಹುದು.